ಎಡಭುಜಕ್ಕೊಂದು ಕೋವಿ

ಓಲಿ ಕಣಿವೆ, ಪೆನ್ಸಿಲ್ವೇನಿಯ
ಮಾರ್ಚ್ 5, 1995

ಶ್ರೀ ಹೋಬರ್ಟ್ ಸ್ಟಿಡಮ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಇಲ್ಲಿಯ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಊಟ ಬಡಿಸುವವಳು ನಾನು. ನಿಮ್ಮ ವಿಳಾಸವನ್ನು ಕೋವಿ ಸಂತೆಯಲ್ಲಿ ಒಬ್ಬರು ಕೊಟ್ಟರು. "ಟೆನೆಸ್ಸಿ ಬೆಟ್ಟದಲ್ಲಿ ಒಬ್ಬ ಮುದುಕ ಇದಾನಮ್ಮ. ಬಾಯಿ ಕೆಟ್ಟದ್ದು, ಕೆಲಸ ಒಳ್ಳೇದು" ಎಂದರು. ಬಾಯಿಯ ವಿಷಯದಲ್ಲಿ ಹೆದರಬೇಡಿ, ನನ್ನದೂ ಅಷ್ಟೇ.

ನನಗೊಂದು ಚಕಮಕಿ ಕಲ್ಲಿನ ಕೋವಿ ಬೇಕು. ನಮ್ಮ ಕಣಿವೆಯಲ್ಲಿ ಹೊಸವರ್ಷದ ಬೆಳಿಗ್ಗೆ ಕೋವಿಯವರ ತಂಡ ಮನೆಮನೆಗೆ ಬರುತ್ತದೆ. ತಂಡದ ಹಿರಿಯ ಬಾಗಿಲಲ್ಲಿ ನಿಂತು ಮನೆಯವರಿಗೆಲ್ಲ ಹೆಸರು ಹಿಡಿದು ಹಾರೈಸುತ್ತಾನೆ, ಆಮೇಲೆ ಎಲ್ಲರೂ ಆಕಾಶಕ್ಕೆ ಗುಂಡಿಲ್ಲದ ಮದ್ದು ಹೊಡೆಯುತ್ತಾರೆ. ಆ ಸದ್ದು ಬೀಳದ ಮನೆಗೆ ವರ್ಷ ಶುರುವಾದ ಹಾಗೇ ಅಲ್ಲ. ಈಗಿನ ಹಿರಿಯ ಟಿಲ್ಮನ್ ಶಾಂಟ್ಸ್ ಕಟ್ಟುನಿಟ್ಟಿನ ಮನುಷ್ಯ. ಮುತ್ತಜ್ಜಂದಿರ ಕಾಲದಲ್ಲಿ ಇದ್ದಂಥದ್ದೇ ಕೋವಿಯಾಗಬೇಕು. ಆಮೇಲಿನ ಕಾಲದ ಕೇಪು ಕೋವಿ ತಂದವರನ್ನು ಗೇಟಿನಾಚೆಯೇ ನಿಲ್ಲಿಸುತ್ತಾನೆ.

ನನ್ನ ಕೈಯಲ್ಲಿರುವುದು ಆರುನೂರು ಡಾಲರು. ಹೊಡೆಯುವುದು ಎಡಭುಜದಿಂದ. ವಿಷಯ ಮನೆಯಲ್ಲಿ ಗೊತ್ತಿಲ್ಲ, ಹಾಗಾಗಿ ಉತ್ತರವನ್ನು ಅಂಚೆ ಕಚೇರಿಯ ಪೆಟ್ಟಿಗೆಗೆ ಹಾಕಿ.

ಡಾರ್ಕಸ್ ಯೇಕಲ್


ಲಾರೆಲ್ ತೊರೆ, ಟೆನೆಸ್ಸಿ
ಮಾರ್ಚ್ 18, 1995

ಶ್ರೀಮತಿ ಯೇಕಲ್ ಅವರಿಗೆ,

ನನ್ನ ಬಾಯಿಯನ್ನು ಬೈದವನು ಯಾರೆಂದು ಗೊತ್ತಾಯಿತು. ಅವನು ಒಮ್ಮೆ ಮದ್ದು ಹಾಕದೆ ಗುಂಡು ತುಂಬಿ ಅರ್ಧ ದಿನ ಕೋವಿಯ ಕುದುರೆ ಎಳೆದವನು.

ಹೆಂಗಸರು ಕೋವಿ ತಂಡಕ್ಕೆ ಸೇರುವುದನ್ನು ನಾನು ಮೆಚ್ಚುತ್ತೇನೆ. ಆದರೆ ಆರುನೂರಕ್ಕೆ ಕೊಳ್ಳುವಾಗ ಕಣ್ಣು ತೆರೆದಿರಲಿ. ಕಾರ್ಖಾನೆಯ ಹೊಸ ಕೋವಿ ಆ ಬೆಲೆಗೆ ಸಿಗುತ್ತದೆ, ಆದರೆ ಅದರ ಮರ ಬೇಲಿಕಂಬದಷ್ಟು ದಪ್ಪ. ನಿಮ್ಮ ಟಿಲ್ಮನ್ ರಸ್ತೆಯಾಚೆಯಿಂದಲೇ ಗುರುತಿಸುತ್ತಾನೆ. ನಿಜವಾದ ಹಳೆಯದು ಆ ಬೆಲೆಗೆ ಸಿಕ್ಕರೆ ನಳಿಗೆ ಒಳಗಿಂದ ಕೊಳೆತಿರುತ್ತದೆ. ಥಳಥಳ ಹೊಳೆಯುವುದನ್ನು ಮುಟ್ಟಲೇಬೇಡಿ.

ಎಡಭುಜವೆಂದು ಚಿಂತೆ ಬೇಡ. ಕಿಡಿ ಹಾರಿಸುವ ಲಾಕು ಸಾಮಾನ್ಯವಾಗಿ ಎಲ್ಲ ಕೋವಿಗೂ ಬಲಮಗ್ಗುಲಿಗೇ ಇರುತ್ತದೆ. ಎಡದಿಂದ ಹೊಡೆಯುವವರಿಗೆ ಮದ್ದಿನ ಬೆಂಕಿ ಮುಖದ ಮುಂದೆಯೇ ಭುಗ್ಗೆನ್ನುತ್ತದೆ, ಅಷ್ಟೇ. ನನ್ನ ಹೆಂಡತಿ ಓಲೀಟಾ ಎಡಚಿ. ನಲವತ್ತು ವರ್ಷ ಹಾಗೇ ಹೊಡೆದಳು. ಕನ್ನಡಕ ಹಾಕುತ್ತಿದ್ದಳು, ಆದರೂ ಎಡಹುಬ್ಬು ಮಾತ್ರ ಯಾವಾಗಲೂ ಸುಟ್ಟು ಅರ್ಧ. ಅವಳು ಹೋಗಿ ಮೂರು ವರ್ಷವಾಯಿತು.

ನಾನೀಗ ಹೊಸ ಕೋವಿ ಮಾಡುವುದಿಲ್ಲ. ಸೋಮಾರಿತನ, ಬೇರೇನಲ್ಲ. ಯಾರಾದರೂ ಮಾಡಿದರೆ ಅಳತೆ ಬೇಕಾಗುತ್ತದೆ: ತೋಳು ಮಡಿಸಿ, ಮೊಣಕೈ ಒಳಮಡಿಕೆಯಿಂದ ಕುದುರೆ ಎಳೆಯುವ ಬೆರಳಿನ ಮೊದಲ ಗೆಣ್ಣಿನವರೆಗೆ.

ಹೋಬರ್ಟ್ ಸ್ಟಿಡಮ್

ಮಸಿ ಚೆಲ್ಲಿದ್ದಕ್ಕೆ ಬೆಕ್ಕು ಕಾರಣ.


ಓಲಿ ಕಣಿವೆ
ಏಪ್ರಿಲ್ 9, 1995

ಸ್ಟಿಡಮ್ ಅವರೇ,

ಶುಭ ಸಮಾಚಾರ, ಕೋವಿ ಸಿಕ್ಕಿತು! ಒಂದು ಹೊಲಮನೆಯ ಹರಾಜಿನಲ್ಲಿ, ನೂರತೊಂಬತ್ತಕ್ಕೆ. "ಇದು ಕೆಂಟಕಿಯ ಅಸಲಿ ಕಾಡುಗಾರರ ಕೋವಿ ಕಣಮ್ಮ" ಎಂದು ಹರಾಜಿನವನೇ ಹೇಳಿದ. ಹಿತ್ತಾಳೆಯ ಹದ್ದು ಇದೆ, ಬುಡದಲ್ಲಿ ಹಿತ್ತಾಳೆ ಮುಚ್ಚಳದ ಪುಟ್ಟ ಪೆಟ್ಟಿಗೆ ಇದೆ, ಮರದ ನಡುವೆ ಸುತ್ತಲೂ ಹಿತ್ತಾಳೆಯ ಚಂದದ ಪಟ್ಟಿ ಕೂಡ ಇದೆ. ಹೊಳೆಯುವುದು ನಿಜ, ಆದರೆ ಹಿಂದಿನವರು ತಿಕ್ಕಿ ಇಟ್ಟಿರಬಹುದಲ್ಲ?

ನೀವು ಕೇಳಿದ ಅಳತೆ ಹದಿನಾಲ್ಕೂವರೆ ಇಂಚು. ಈಗ ಬೇಕಾಗುವುದಿಲ್ಲ, ಆದರೂ ಅಳೆದದ್ದು ವ್ಯರ್ಥವಾಗದಿರಲೆಂದು ಬರೆದೆ.

ಡಾರ್ಕಸ್ ಯೇಕಲ್


ಲಾರೆಲ್ ತೊರೆ
ಏಪ್ರಿಲ್ 22, 1995

ಅಮ್ಮಾ ಯೇಕಲ್,

ಕೂತುಕೊಂಡು ಓದಿ. ಆ ಚಂದದ ಪಟ್ಟಿಯನ್ನು ಮೆಲ್ಲಗೆ ಜಾರಿಸಿ ನೋಡಿ. ಕೆಳಗೆ ಮರ ಎರಡು ತುಂಡಾಗಿರುತ್ತದೆ. ಮುತ್ತಜ್ಜಂದಿರು ಇಡೀ ಉದ್ದಕ್ಕೆ ಒಂದೇ ಮೇಪಲ್ ಹಲಗೆ ಹಾಕುತ್ತಿದ್ದರು. ಎರಡು ತುಂಡು ಮಾಡಿ ಪಟ್ಟಿ ಹಾಕುವುದು ಸಮುದ್ರದಾಚೆಯ ಕಾರ್ಖಾನೆಗಳ ಉಪಾಯ, ಉದ್ದ ಡಬ್ಬಿಯ ಖರ್ಚು ಉಳಿಸಲಿಕ್ಕೆ. ನಿಮ್ಮ ಅಸಲಿ ಕಾಡುಗಾರ ಹುಟ್ಟಿ ಇಪ್ಪತ್ತು ವರ್ಷವಾಗಿದ್ದರೆ ಹೆಚ್ಚು. ಗೋಡೆಗೆ ತೂಗುಹಾಕಿ. ಮದ್ದು ಮಾತ್ರ ಹಾಕಬೇಡಿ.

ಇನ್ನೊಂದು ವಿಷಯ. ಹದಿನಾಲ್ಕೂವರೆ ಇಂಚು? ನನ್ನದೇ ಹದಿನಾಲ್ಕು, ನಾನು ಆರಡಿ. ನೀವು ಮಕ್ಕಳಿಗೆ ಊಟ ಬಡಿಸುವುದು ನಿಂತಲ್ಲಿಂದಲೋ ಅಥವಾ ಪಕ್ಕದ ಊರಿನಿಂದಲೋ?

ಸರಿ, ನಿಮಗೆ ಬೇಕಾದ್ದು ಏನೆಂದು ನಾನು ಹೇಳುತ್ತೇನೆ. ಅದು ನಿಮ್ಮ ಕಡೆಯದೇ. ನಿಮ್ಮ ಹಿಂದಿನ ರೈತರು ಕೊಟ್ಟಿಗೆಯ ಬಾಗಿಲ ಹಿಂದೆ ಇಡುತ್ತಿದ್ದ ಬೋಳು ಕೋವಿ. ಶಿಮ್ಮೆಲ್ ಎನ್ನುತ್ತಿದ್ದರು. ಹಿತ್ತಾಳೆ ಇಲ್ಲ, ಕೆತ್ತನೆ ಇಲ್ಲ, ಬುಡಕ್ಕೆ ತಗಡೂ ಇಲ್ಲ. ಒಳ್ಳೆಯ ನಳಿಗೆ, ಒಳ್ಳೆಯ ಲಾಕು, ಒಂದು ಹಲಗೆ. ಕೆನ್ನೆ ಒರಗಿಸುವ ಉಬ್ಬು ಇರುವುದಿಲ್ಲವಾದ್ದರಿಂದ ಎರಡು ಭುಜಕ್ಕೂ ಹೊಂದುತ್ತದೆ. ಸಿರಿವಂತರ ಕೋವಿಗಳು ಗಾಜಿನ ಪೆಟ್ಟಿಗೆ ಸೇರಿದವು. ಇವು ದುಡಿದು ಸವೆದುಹೋದವು, ಅದಕ್ಕೇ ಈಗ ಯಾರಿಗೂ ನೆನಪಿಲ್ಲ.

ನಿಮ್ಮಲ್ಲಿ ಉಳಿದ ನಾಲ್ಕುನೂರ ಹತ್ತಕ್ಕೆ ನಾನೇ ಒಂದು ಮಾಡಿಕೊಡುತ್ತೇನೆ. ಸೋಮಾರಿತನವನ್ನು ಒಂದು ಸಲ ಬಿಡಬಹುದು. ಅಲಂಕಾರ ಮಾತ್ರ ಕೇಳಬೇಡಿ.

ಹೋಬ್ ಸ್ಟಿಡಮ್


ಓಲಿ ಕಣಿವೆ
ಮೇ 7, 1995

ಸ್ಟಿಡಮ್ ಅವರೇ,

ಪಟ್ಟಿ ಜಾರಿಸಿದೆ. ಎರಡು ತುಂಡು. ಬಟಾಣಿ ಬೇಯಿಸುವ ಹಂಡೆಯೊಳಗೆ ತಲೆ ಹಾಕಿ ಹರಾಜಿನವನನ್ನು ಮನಸಾರೆ ಬೈದೆ.

ನಿಮ್ಮ ಕಾಗದ ಮೊದಲ ಸಲ ಓದಿದಾಗ ಸಿಟ್ಟು ಬಂತು. ದುಡ್ಡಿಲ್ಲದವಳಿಗೆ ಬೋಳು ಕೋವಿ ಕಟ್ಟಿ ಕಳಿಸುತ್ತಾರೆ, ಮೇಲೆ ಅದಕ್ಕೊಂದು ಇತಿಹಾಸ ಬೇರೆ ಹೇಳುತ್ತಾರೆ ಎಂದುಕೊಂಡೆ. ಆಮೇಲೆ ನಮ್ಮ ಅತ್ತೆಯವರನ್ನು ಸುಮ್ಮನೆ ಕೇಳಿದೆ. ಅವರಿಗೆ ಎಂಬತ್ತೊಂಬತ್ತು. "ಶಿಮ್ಮೆಲ್ಲಾ? ನಮ್ಮಪ್ಪನ ಹತ್ರ ಇತ್ತಲ್ಲ! ಹಂದಿ ಕೊಯ್ಯೋ ದಿನ ಅದನ್ನೇ ತೆಗೀತಿದ್ದ. ಅದರ ಬುಡದಲ್ಲಿ ನಾವು ಅಕ್ರೋಟು ಒಡೀತಿದ್ವಿ ಕಣೆ!" ಎಂದು ಮುಖ ಅರಳಿಸಿದರು. ನಮ್ಮ ಮನೆಯ ವಸ್ತುವಿನ ಹೆಸರನ್ನು ಟೆನೆಸ್ಸಿಯವರಿಂದ ಕಲಿಯಬೇಕಾಯಿತು. ನಾಚಿಕೆಯಾಯಿತು.

ಮುಂಗಡ ಇದರೊಂದಿಗಿದೆ. ಕೈ ಉದ್ದವಿದ್ದರೆ ನಿಮಗೇನು ಕಷ್ಟ? ನಮ್ಮ ತವರಿನವರೆಲ್ಲ ಹಾಗೇ. ಹೊಸವರ್ಷದೊಳಗೆ ಸಿಕ್ಕರೆ ಸಾಕು.

ಡಾರ್ಕಸ್


ಓಲಿ ಕಣಿವೆ
ಆಗಸ್ಟ್ 20, 1995

ಸ್ಟಿಡಮ್ ಅವರೇ,

ಮೂರು ತಿಂಗಳಾಯಿತು. ಜೂನಿನಲ್ಲಿ ಬರೆದೆ, ಜುಲೈನಲ್ಲಿ ಬರೆದೆ. ನೀವು ಕಳಿಸಿದ್ದು ಒಂದೇ ಒಂದು ಕಾರ್ಡು. ಅದರ ಅಕ್ಷರ ಬೇಲಿ ಹಾರುವ ಆಡುಗಳಂತೆ ಎಲ್ಲೆಲ್ಲೋ ಹೋಗಿದೆ. ಬೆಕ್ಕಿನ ಮೇಲೆ ಎಷ್ಟೆಂದು ಹೇಳುತ್ತೀರಿ? ಕುಡಿತದ ಅಭ್ಯಾಸವಿದ್ದರೆ ನೇರ ಹೇಳಿಬಿಡಿ. ಕುಡಿದವರ ಕೈಯಲ್ಲಿ ನಮ್ಮ ಮನೆಯ ಕೋವಿ ತಯಾರಾಗುವುದು ನನಗಿಷ್ಟವಿಲ್ಲ. ಈ ಕೋವಿಯ ಮೇಲೆ ನಾನು ಎಷ್ಟು ಆಸೆ ಇಟ್ಟಿದ್ದೇನೆಂದು ನಿಮಗೆ ಗೊತ್ತಿಲ್ಲ.

ಡಾರ್ಕಸ್ ಯೇಕಲ್


ಲಾರೆಲ್ ತೊರೆ
ಸೆಪ್ಟೆಂಬರ್ 2, 1995

ಅಮ್ಮಾ ಯೇಕಲ್,

ಓಲೀಟಾ ಸತ್ತ ದಿನವೂ ನಾನು ಕುಡಿಯಲಿಲ್ಲ. ತಡವಾದದ್ದು ಹುರುಳಿಕಾಯಿ ಕೊಯ್ಲಿನಿಂದ.

ಕೋವಿ ಮುಕ್ಕಾಲು ಮುಗಿದಿದೆ. ಹಲಗೆಯಲ್ಲಿ ನಳಿಗೆ ಕೂತಿದೆ, ಬಲಮಗ್ಗುಲಿಗೆ ಲಾಕು ಕೂತಿದೆ. ಎಣ್ಣೆ ಹಚ್ಚುವುದು ಬಾಕಿ. ಬರುವ ತಿಂಗಳು ಕಳಿಸುತ್ತೇನೆ. ಒಂದು ಮಾತು ತಪ್ಪದೆ ಪಾಲಿಸಿ: ಬಿಗಿಯಾಗಿ ಕೂರುವ ಕನ್ನಡಕವಿಲ್ಲದೆ ಹೊಡೆಯಬೇಡಿ. ಹೋದ ವರ್ಷ ನಮ್ಮ ತೊರೆಯ ಆಚೆಯವನೊಬ್ಬ ಎಡಭುಜದಿಂದ ಹೊಡೆದು, ಕನ್ನಡಕದ ಸಂದಿನಿಂದ ಬಿಸಿ ಮದ್ದು ನುಗ್ಗಿ, ಎರಡು ವಾರ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ. ಇನ್ನೊಂದು ಕಣ್ಣು ಇತ್ತು, ಹೇಗೋ ನಡೆಯಿತು.

ಹೋಬ್ ಸ್ಟಿಡಮ್


ಓಲಿ ಕಣಿವೆ
ಸೆಪ್ಟೆಂಬರ್ 7, 1995

ಸ್ಟಿಡಮ್ ಅವರೇ,

ಆ ಕೋವಿ ಕಳಿಸಬೇಡಿ. ನಾನು ಸುಳ್ಳು ಹೇಳಿದ್ದೆ.

ಕೋವಿ ನನಗಲ್ಲ, ನನ್ನ ಗಂಡ ಎಲ್ವುಡ್‌ಗೆ. ನಾನು ಐದಡಿ, ನನ್ನ ತೋಳು ಹನ್ನೆರಡು ಇಂಚು ಇದ್ದರೆ ಹೆಚ್ಚು. ಅವನು ಕುರ್ಚಿಯಲ್ಲಿ ನಿದ್ದೆಹೋದಾಗ ದಾರ ಹಿಡಿದು ಅಳೆದೆ. ಅವನು ಬಡಗಿ. ಈ ಕಣಿವೆಯ ಅರ್ಧ ಕೊಟ್ಟಿಗೆಗಳ ತೊಲೆ ಅವನು ಕೂರಿಸಿದ್ದು. ಹೋದ ವರ್ಷ ಮೇ ತಿಂಗಳಲ್ಲಿ ಗರಗಸದಿಂದ ಚೂರೊಂದು ಹಾರಿ ಬಲಗಣ್ಣು ಹೋಯಿತು. ಅಂದಿನಿಂದ ಕೆಲಸದ ಕೊಟ್ಟಿಗೆಗೆ ಬೀಗ, ಗಾಡಿ ಓಡಿಸುವುದನ್ನೂ ಬಿಟ್ಟ. ತನ್ನ ಹಳೆಯ ಕೋವಿಯನ್ನು ಕೇಳಿದವರಿಗೆ ಕೊಟ್ಟುಬಿಟ್ಟ. ಇಪ್ಪತ್ತಾರು ವರ್ಷ ತಂಡದಲ್ಲಿ ನಿಂತವನು. ಈ ಹೊಸವರ್ಷ ಟಿಲ್ಮನ್ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದಾಗ ಇವನು ಪರದೆ ಎಳೆದು ಅಡುಗೆಮನೆಯಲ್ಲಿ ಕೂತ. "ಯಾರೂ ಇಲ್ಲ ಅನ್ನು, ಡಾರ್ಕಸ್" ಎಂದ. ಅವರು ಹೊಡೆಯದೆ ಹೋದರು. ನಮ್ಮ ಮದುವೆಯಾದ ಮೇಲೆ ಸದ್ದು ಬೀಳದ ವರ್ಷ ಇದೇ ಮೊದಲು, ವರ್ಷ ಇನ್ನೂ ಶುರುವಾಗದೆ ಹಾಗೇ ಇದೆ.

ಎಡಗಣ್ಣಿರುವವನು ಎಡಭುಜದಿಂದ ಹೊಡೆದರಾಯಿತು ಎಂದು ನನ್ನ ತಲೆಗೆ ಹೊಳೆದದ್ದು ಇಷ್ಟೇ. ಅವನಿಗೆ ಉಳಿದಿರುವ ಒಂದೇ ಕಣ್ಣಿನ ಮುಂದೆ ಬೆಂಕಿ ಏಳುತ್ತದೆ ಎಂದು ನೀವು ಮಾರ್ಚ್‌ನಲ್ಲೇ ಬರೆದಿದ್ದಿರಿ. ಹುಬ್ಬಿನ ಮಾತು ಓದಿ ನಕ್ಕು ಮಡಿಸಿಟ್ಟೆ. ಊರಿನವರ ಅಯ್ಯೋ ಪಾಪ ಕೇಳಿ ಅವನಿಗೆ ಸಾಕಾಗಿದೆ, ನಿಮ್ಮದೂ ಒಂದು ಬೇಡವೆಂದು ಮುಚ್ಚಿಟ್ಟೆ. ಮೊನ್ನೆ ನಿಮ್ಮ ಕಾಗದ ಓದಿದಾಗಿನಿಂದ ಆ ಮಾರ್ಚ್ ಕಾಗದವನ್ನು ತೆಗೆದು ಮತ್ತೆ ಮತ್ತೆ ಓದುತ್ತಿದ್ದೇನೆ.

ಮುಂಗಡ ನೀವೇ ಇಟ್ಟುಕೊಳ್ಳಿ.

ಡಾರ್ಕಸ್


ಲಾರೆಲ್ ತೊರೆ
ಸೆಪ್ಟೆಂಬರ್ 16, 1995

ತಂಗಿ ಡಾರ್ಕಸ್,

ನಿಮ್ಮ ಕಾಗದ ಓದಿ ಒಂದು ದಿನ ನಿಮ್ಮನ್ನು ಬೈದೆ, ಮರುದಿನ ನನ್ನನ್ನೇ ಬೈದುಕೊಂಡೆ. ಹೆಂಗಸಿಗೆ ಹದಿನಾಲ್ಕೂವರೆ ಇಂಚು ತೋಳು ಎಂದಾಗ ಗೇಲಿ ಮಾಡಿದೆನೇ ಹೊರತು, ಯಾರದು ಎಂದು ಕೇಳಲಿಲ್ಲ. ಐವತ್ತು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

ಮುಂಗಡ ಹಿಂದಕ್ಕೆ ಕೊಡುವುದಿಲ್ಲ, ಬೆಲೆಯೂ ಏರಿಸುವುದಿಲ್ಲ. ಎಡಮಗ್ಗುಲಿನ ಲಾಕು ತರಿಸುತ್ತಿದ್ದೇನೆ. ಬೆಂಕಿ ಅವನ ಕಣ್ಣಿನ ಆಚೆ ಬದಿಗೆ ಹೋಗುತ್ತದೆ, ನಡುವೆ ಕೋವಿಯ ಮೈಯೇ ಅಡ್ಡ. ಕನ್ನಡಕ ಆದರೂ ಇರಲಿ. ಹಳೆಯ ಹಲಗೆಯಲ್ಲಿ ಬಲಕ್ಕೆ ಗುಳಿ ತೋಡಿಯಾಗಿದೆ, ಅದು ಇನ್ನು ಸೌದೆ. ಹೊಸ ಹಲಗೆ ತೆಗೆದಿದ್ದೇನೆ.

ಅವನಿಗೆ ಹೇಳಿಬಿಡಿ. ಸುಳ್ಳು ನಿಮಗೆ ಒಗ್ಗುವುದಿಲ್ಲ.

ಹೋಬ್ (ಇಲ್ಲಿ ಎಲ್ಲರೂ ಹೋಬ್ ಮಾಮ ಅನ್ನುತ್ತಾರೆ, ನೀವೂ ಅನ್ನಬಹುದು.)


ಓಲಿ ಕಣಿವೆ
ನವೆಂಬರ್ 19, 1995

ಹೋಬ್ ಮಾಮ,

ಎಲ್ವುಡ್‌ಗೆ ಇನ್ನೂ ಹೇಳಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಕಾಫಿ ಬೇಕೇ ಎಂದು ಕೇಳುತ್ತೇನೆ. ಪಾಪ, ದಿನಕ್ಕೆ ಒಂಬತ್ತು ಲೋಟ ಕುಡಿಯುತ್ತಾನೆ.

ಟಿಲ್ಮನ್‌ಗೆ ಮಾತ್ರ ಹೇಳಿದೆ, ಮೊದಲೇ ಒಪ್ಪಿಗೆ ಇರಲೆಂದು. ಅವನು ತಲೆಯಾಡಿಸಿಬಿಟ್ಟ. "ಎಡಕ್ಕೆ ಲಾಕಾ? ನಮ್ಮ ಮುತ್ತಜ್ಜಂದಿರು ಅಂಥದ್ದು ಕಂಡಿದ್ರಾ? ಇವತ್ತು ಇದಕ್ಕೆ ಹೂಂ ಅಂದ್ರೆ ನಾಳೆ ಒಬ್ಬ ದುರ್ಬೀನು ಸಿಗಿಸಿಕೊಂಡು ಬರ್ತಾನೆ. ಎಲ್ವುಡ್ ಅಂದ್ರೆ ನನಗೆ ಪ್ರಾಣ, ಡಾರ್ಕಸ್, ಆದ್ರೆ ರೂಲು ರೂಲೇ" ಎಂದ. ನಾನು ಅವನ ಅಂಗಳದಲ್ಲೇ ನಿಂತು ಜೋರಾಗಿ ಅತ್ತೆ. ಅವನ ಹೆಂಡತಿ ಹೊರಗೆ ಬಂದು ಅವನನ್ನು ಬೈದಳು. ಆದರೂ ಅಲ್ಲಾಡಲಿಲ್ಲ.

ಈಗ ಏನು ಮಾಡಲಿ? ಈ ವರ್ಷವೂ ಪರದೆ ಎಳೆದರೆ ಮುಂದೆ ಯಾವತ್ತೂ ತೆರೆಯುವುದಿಲ್ಲ. ಅವನನ್ನು ನಾನು ಬಲ್ಲೆ.

ಡಾರ್ಕಸ್


ಲಾರೆಲ್ ತೊರೆ
ಡಿಸೆಂಬರ್ 8, 1995

ಡಾರ್ಕಸ್,

ಕೋವಿ ಇಂದು ಲಾರಿಗೆ ಹೋಯಿತು. ಅದರ ಜೊತೆ ಸುರುಳಿ ಸುತ್ತಿದ ದೊಡ್ಡ ಕಾಗದವಿದೆ, ಅದನ್ನು ಟಿಲ್ಮನ್‌ಗೆ ಕೊಡಿ. ಮೂರು ಬೆಟ್ಟ ದಾಟಿದರೆ ಒಂದು ಮನೆಯಿದೆ. ಅಲ್ಲಿ ಒಲೆಯ ಮೇಲೆ ಒಂದು ಹಳೆಯ ಬೋಳು ಕೋವಿ ತೂಗುತ್ತದೆ. ನಿಮ್ಮ ಕಡೆಯಿಂದ ಗಾಡಿಯಲ್ಲಿ ಇಳಿದು ಬಂದವರು ತಂದದ್ದು. ಲಾಕು ಎಡಕ್ಕೆ. ಆ ಮನೆಯ ಮೂಲಪುರುಷನ ಬಲಭುಜ ಮರ ಬಿದ್ದು ಜಜ್ಜಿಹೋಗಿತ್ತಂತೆ. ಕೋವಿಯ ಮೇಲೆ ಕಾಗದ ಹಾಸಿ ಅದರ ಆಕಾರವನ್ನು ಗೆರೆಯಲ್ಲಿ ಬರೆದುಕೊಂಡು ಬಂದೆ. ಗೆರೆ ಸ್ವಲ್ಪ ಸೊಟ್ಟ, ಚಳಿಯಿತ್ತು.

ಟಿಲ್ಮನ್‌ಗೆ ನನ್ನ ಮಾತೆಂದು ಇಷ್ಟು ಹೇಳಿ: ಮುತ್ತಜ್ಜಂದಿರಲ್ಲಿ ಎಲ್ಲರಿಗೂ ಎರಡು ಕಣ್ಣು, ಎರಡು ಭುಜ ನೆಟ್ಟಗಿದ್ದವೇ? ಕೊಡಲಿ, ಸಿಡುಬು, ಒದೆಯುವ ಹಸು, ಎಲ್ಲ ಅವರಿಗೂ ಇದ್ದವು. ಆಮೇಲೂ ಚಳಿಗಾಲದಲ್ಲಿ ಮನೆಗೆ ಮಾಂಸ ಬೇಕಿತ್ತು. ಅವರು ಕಮ್ಮಾರನ ಹತ್ತಿರ ಹೋಗಿ ತಮಗೆ ಹೊಂದುವುದನ್ನು ಮಾಡಿಸಿಕೊಂಡರು.

ಮರದ ಕೆಲಸ ಅಲ್ಲಲ್ಲಿ ಒರಟಾಗಿದೆ. ಬಡಗಿಯ ಕಣ್ಣಿಗೆ ಬೀಳದಿದ್ದರೆ ಸಾಕು.

ಹೋಬ್ ಮಾಮ


ಓಲಿ ಕಣಿವೆ
ಜನವರಿ 3, 1996

ಹೋಬರ್ಟ್ ಸ್ಟಿಡಮ್ ಅವರಿಗೆ,

ನಾನು ಎಲ್ವುಡ್ ಯೇಕಲ್. ಡಾರ್ಕಸ್ ಬರೆಯುತ್ತೇನೆಂದಳು, ಈ ಸಲ ನಾನೇ ಬರೆಯುತ್ತೇನೆಂದೆ.

ನನಗೆ ಮೊದಲಿನಿಂದಲೂ ಅನುಮಾನವಿತ್ತು. ಅವಳು ದಾರ ಹಿಡಿದು ಬಂದ ದಿನ ನಾನು ನಿದ್ದೆ ಮಾಡಿರಲಿಲ್ಲ. ಅಂಗಿ ಹೊಲಿಸುತ್ತಾಳೆ ಅಂದುಕೊಂಡು ತೋಳು ಮಡಿಸಲು ಬಿಟ್ಟೆ. ಬೆರಳಿನ ಗೆಣ್ಣಿಗೆ ಗುರುತು ಹಾಕಿದಾಗ ಅಂಗಿಯಲ್ಲವೆಂದು ತಿಳಿಯಿತು. ಬೇಡ ಎನ್ನಬೇಕೆಂದಿದ್ದೆ. ಅವಳ ಉಸಿರು ಬಿಗಿಹಿಡಿದ ಮುಖವನ್ನು ಅರೆಗಣ್ಣಿನಲ್ಲಿ ನೋಡಿ ನಿದ್ದೆಯ ನಟನೆ ಮುಂದುವರಿಸಿದೆ. ಆದರೂ ಕೋವಿ ಬಂದ ದಿನ ಮುಟ್ಟಲಿಲ್ಲ. ಗೋಡೆಗೆ ಒರಗಿಸಿ ಇಡು ಎಂದೆ. ನಾಲ್ಕು ದಿನ ಅದು ಅಲ್ಲಿತ್ತು, ನಾನು ಇಲ್ಲಿದ್ದೆ.

ಐದನೆಯ ದಿನ ಕೈಗೆತ್ತಿಕೊಂಡೆ. ಭುಜಕ್ಕೆ ಕೂತಿತು. ಆದರೆ ಲಾಕಿನ ಸುತ್ತ, ಉಳಿ ಎರಡು ಕಡೆ ಜಾರಿದೆ. ಒಂದು ಕಡೆ ಮರದ ಚೂರು ಅಂಟಿಸಿ ಮುಚ್ಚಿದ್ದೀರಿ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದೀರಿ. ನೀವು ಅಂಥ ಕೆಲಸಗಾರರಲ್ಲ. ನಳಿಗೆ ಕೂರಿಸಿದ ರೀತಿ ನೋಡಿದರೇ ಗೊತ್ತಾಗುತ್ತದೆ. ನಿಮ್ಮ ಕಾಗದಗಳನ್ನೆಲ್ಲ ತರಿಸಿಕೊಂಡು ಓದಿದೆ. ಡಾರ್ಕಸ್ ಅಕ್ಷರ ನೋಡಿ ಕುಡಿತ ಅಂದುಕೊಂಡಿದ್ದಳು. ನಮ್ಮಪ್ಪನ ಕೈಯೂ ಕೊನೆಗೆ ಹೀಗೇ ನಡುಗುತ್ತಿತ್ತು. ಅವರು ತಪ್ಪನ್ನು ನಾಯಿಯ ಮೇಲೆ ಹಾಕುತ್ತಿದ್ದರು.

ನಡುಗುವ ಕೈಯಲ್ಲಿ, ಕಂಡರಿಯದವನಿಗಾಗಿ, ಒಂದಲ್ಲ ಎರಡು ಸಲ ಕಡೆದಿದ್ದೀರಿ. ಆ ಸಂದನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಕೀಲಿ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಹತ್ತೊಂಬತ್ತು ತಿಂಗಳ ಧೂಳು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲವೆಂದು ಇಷ್ಟು ದಿನ ಹೆದರಿದ್ದೆ. ನಿಜ, ತಿಳಿಯುವುದಿಲ್ಲ. ಮೊದಲ ಚೂರನ್ನು ತಪ್ಪು ಕತ್ತರಿಸಿದೆ, ಎರಡನೆಯದನ್ನೂ. ಮೂರನೆಯದಕ್ಕೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಳೆದೆ. ಸರಿಯಾಗಿ ಕೂತಿತು. ತಲೆಯೆತ್ತಿದರೆ ಡಾರ್ಕಸ್ ಬಾಗಿಲಲ್ಲಿ ನಿಂತಿದ್ದಳು. "ಕಾಫಿ ಬೇಕಾ?" ಎಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು.

ಟಿಲ್ಮನ್ ನಿಮ್ಮ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ನೋಡಿದನಂತೆ. ಹೊಸವರ್ಷದ ಬೆಳಿಗ್ಗೆ ತಂಡ ಬಂದಾಗ ನಾನು ಗೇಟಿನಲ್ಲಿ ಕೋವಿ ಹಿಡಿದು ನಿಂತಿದ್ದೆ. ಅವನು ಅದನ್ನು ತಿರುವಿ ತಿರುವಿ ನೋಡಿದ, ಮೂಸಿದ. "ನನ್ನ ಅಜ್ಜನ ಅಜ್ಜನಿಗೆ ಕೊಡಲಿಯಿಂದ ಕಣ್ಣು ಹೋಗಿತ್ತು, ಎಲ್ವುಡ್. ಯಾವ ಕಣ್ಣು ಅಂತ ನಾವ್ಯಾರೂ ಕೇಳಿರಲೇ ಇಲ್ಲ" ಎಂದ. "ಕೊನೇಲಿ ನಿಂತ್ಕೋ. ಎಡದವರಿಗೆ ಎಡತುದಿ" ಎಂದ. ನಮ್ಮ ಮನೆಯ ಹಾರೈಕೆ ಮುಗಿದ ಮೇಲೆ ನನ್ನ ಮೊದಲ ಹೊಡೆತಕ್ಕೆ ಲಾಕಿನ ಪುಟ್ಟ ಬಟ್ಟಲಲ್ಲಿ ಮದ್ದು ಫುಸ್ಸೆಂದಿತು, ಅಷ್ಟೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯದರ ಸದ್ದು ಆಚೆ ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಕಣ್ಣಿಗೆ ಒಂದು ಕಿಡಿಯೂ ತಾಕಲಿಲ್ಲ. ಹನ್ನೊಂದು ಮನೆಗೆ ಅವರ ಜೊತೆ ನಡೆದೆ. ಮಧ್ಯಾಹ್ನ ಹಂದಿಮಾಂಸ, ಹುಳಿಕೋಸು ಎಲ್ಲರಿಗೂ ನಮ್ಮಲ್ಲೇ.

ಈಗ ನನ್ನ ಮಾತು ಕೇಳಿ. ನಿಮ್ಮ ಸೋಮಾರಿತನದ ಕಥೆ ನಾನು ನಂಬುವುದಿಲ್ಲ. ಎಲ್ಲಿ ಎಷ್ಟು ಕಡೆಯಬೇಕೆಂದು ನಿಮ್ಮ ಎರಡು ಕಣ್ಣಿಗೆ ಗೊತ್ತು. ನನ್ನ ಎರಡು ಕೈ ಅಲುಗುವುದಿಲ್ಲ. ನೀವು ಪಕ್ಕದಲ್ಲಿ ಕೂತು ಬೈಯುತ್ತಾ ಹೋಗಿ, ನಾನು ಕಡೆಯುತ್ತಾ ಹೋಗುತ್ತೇನೆ. ತಂಡದಲ್ಲಿ ಇಬ್ಬರು ಈಗಾಗಲೇ ಬೋಳು ಕೋವಿ ಕೇಳಿದ್ದಾರೆ. ಬೇಡವೆಂದು ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ, ಬರೆದರೂ ನಾವು ಬರುವವರೇ. ಹಿಮ ಕರಗಲಿ, ಮಾರ್ಚ್ ನಾಲ್ಕಕ್ಕೆ ಹೊರಟು ಐದಕ್ಕೆ ನಿಮ್ಮಲ್ಲಿರುತ್ತೇವೆ. ಡಾರ್ಕಸ್ ಪಕ್ಕದಲ್ಲಿ ನಕ್ಷೆ ಹಿಡಿದು ಕೂರುತ್ತಾಳೆ. ಗಾಡಿ ನಾನು ಓಡಿಸುತ್ತೇನೆ.

ಎಲ್ವುಡ್ ಯೇಕಲ್